ಖರಾಬು ಎಂದು ಬರೆದಿಟ್ಟ ನೆಲ: ಡಾರ್ಟ್‌ಮೂರ್ ಎಂಬ ಬಯಲನ್ನು ಓದುವ ಬಗೆ

ನಮ್ಮ ಕಡೆಯ ಪಹಣಿಗಳಲ್ಲಿ ‘ಖರಾಬು’ ಎಂಬ ಒಂದು ಕಲಂ ಇರುತ್ತದೆ. ಬಂಡೆ, ಹಳ್ಳ, ದಾರಿ, ಸ್ಮಶಾನ ಹೀಗೆ ಸಾಗುವಳಿಗೆ ಬಾರದ ಜಾಗವನ್ನೆಲ್ಲ ಅಲ್ಲಿ ತೋರಿಸುತ್ತಾರೆ. ಕಂದಾಯ ಬರುವುದಿಲ್ಲ, ಆದ್ದರಿಂದ ಖರಾಬು. ನಮ್ಮ ಮನೆಯಲ್ಲಿ ಹಾಲು ಒಡೆದರೂ ಇದೇ ಪದ, ‘ಖರಾಬ್ ಹೋಗಯಾ’. ಹಾಲಿನ ವಿಷಯದಲ್ಲಿ ಅದು ನಿಜ. ನೆಲದ ವಿಷಯದಲ್ಲಿ ಅಷ್ಟು ಸುಲಭವಾಗಿ ಹೇಳಲಾಗದು. ದನ ಮೇಯುವುದು, ಸೌದೆ ಆರಿಸುವುದು, ಸತ್ತವರನ್ನು ಮಣ್ಣು ಮಾಡುವುದು ಎಲ್ಲವೂ ಆ ಖರಾಬಿನಲ್ಲೇ ತಾನೆ?

ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಎಂಬ ಜಿಲ್ಲೆಯಲ್ಲಿ ಇಂಥದ್ದೇ ಒಂದು ದೊಡ್ಡ ಖರಾಬು ಇದೆ. ಅದರ ಹೆಸರು ಡಾರ್ಟ್‌ಮೂರ್. ‘ಮೂರ್’ ಎಂದರೆ ಎತ್ತರದಲ್ಲಿರುವ, ಮರವಿಲ್ಲದ, ಹುಲ್ಲು ಮತ್ತು ಕುರುಚಲು ಗಿಡಗಳಷ್ಟೇ ಬೆಳೆಯುವ, ತೇವ ಹಿಡಿದ ಬಯಲು. (ಇತಿಹಾಸ ಪುಸ್ತಕದಲ್ಲಿ ಬರುವ ಸ್ಪೇನಿನ ಮೂರರಿಗೂ ಈ ಮೂರ್‌ಗೂ ಏನೂ ಸಂಬಂಧವಿಲ್ಲ. ಮೊದಲು ಈ ಹೆಸರು ಹೇಳಿದಾಗ ನನ್ನ ಗೆಳೆಯರಿಬ್ಬರು ಅದನ್ನೇ ಕೇಳಿದರು.) ಬಾಬಾ ಬುಡನ್‌ಗಿರಿಯ ಮೇಲೆ ಮಂಜು ಕವಿದ ಹುಲ್ಲುಗಾವಲನ್ನು ನೋಡಿದವರು ಅದರ ಮುಖವನ್ನು ಸ್ವಲ್ಪ ಊಹಿಸಿಕೊಳ್ಳಬಹುದು. ಎತ್ತರ ಮಾತ್ರ ಬಹಳ ಕಡಿಮೆ. ಡಾರ್ಟ್‌ಮೂರಿನ ಅತಿ ಎತ್ತರದ ಜಾಗ ಹೈ ವಿಲ್ಹೇಸ್ 621 ಮೀಟರ್ ಅಷ್ಟೇ, ನಮ್ಮ ಮುಳ್ಳಯ್ಯನಗಿರಿಯ ಮೂರನೇ ಒಂದು ಭಾಗವೂ ಇಲ್ಲ. ಆದರೆ ಹರವು ದೊಡ್ಡದು. 1951ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು, ಅದರ ವಿಸ್ತೀರ್ಣ 954 ಚದರ ಕಿಲೋಮೀಟರ್. 2025ರವರೆಗೆ ಇದ್ದ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿ ಪೂರ್ತಿ ಅದರೊಳಗೆ ಕುಳಿತು ಇನ್ನೂ ಜಾಗ ಉಳಿಯುತ್ತದೆ.

ಷರ್ಲಾಕ್ ಹೋಮ್ಸ್ ಓದಿದವರಿಗೆ ಈ ಜಾಗ ಗೊತ್ತಿರಬಹುದು. ಬಾಸ್ಕರ್‌ವಿಲ್ಲಿನ ನಾಯಿಯ ಕಥೆ ನಡೆಯುವುದು ಇಲ್ಲಿಯೇ. ಹೋಮ್ಸ್ ಯಾರಿಗೂ ತಿಳಿಯದಂತೆ ಅಡಗಿ ಕುಳಿತ ಕಲ್ಲಿನ ಗುಡಿಸಲು ಕಟ್ಟುಕಥೆಯಲ್ಲ, ಅಂಥವು ಅಲ್ಲಿ ಸುಮಾರು ಐದು ಸಾವಿರ ಇವೆ. ಅವು ಯಾರ ಮನೆಗಳು ಎಂಬುದನ್ನು ಮುಂದೆ ನೋಡೋಣ.

ಮೊದಲು ಕಲ್ಲು ಮತ್ತು ಮಣ್ಣಿನ ಮಾತು. ಡಾರ್ಟ್‌ಮೂರಿನ ಅಡಿಯಲ್ಲಿರುವುದು ಗ್ರಾನೈಟ್. ಅದರ ವಯಸ್ಸು ಸುಮಾರು 28 ಕೋಟಿ ವರ್ಷ. ರಾಮನಗರ, ಹಂಪಿಗಳ ನಮ್ಮ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ, ಅದರ ಮುಂದೆ ಇದು ಮೊಮ್ಮಗು. ಆದರೂ ಗ್ರಾನೈಟ್ ಸವೆಯುವ ಕ್ರಮ ಎರಡೂ ಕಡೆ ಒಂದೇ ಥರ. ಬಿರುಕುಗಳ ಉದ್ದಕ್ಕೂ ಮಣ್ಣಾಗುತ್ತಾ ಹೋಗಿ ಕೊನೆಗೆ ಗುಡ್ಡದ ನೆತ್ತಿಯಲ್ಲಿ ಬಂಡೆಗಳ ರಾಶಿ ಮಾತ್ರ ನಿಲ್ಲುತ್ತದೆ. ಅಲ್ಲಿಯ ಜನ ಇದಕ್ಕೆ ‘ಟಾರ್’ ಎನ್ನುತ್ತಾರೆ. ಸುತ್ತಲೂ ಉದುರಿದ ಕಲ್ಲುಗಳು ಬೇಕಾದಷ್ಟು ಬಿದ್ದಿರುತ್ತವೆ. ಅದಕ್ಕೇ ಇಲ್ಲಿ ಮನೆ, ಗೋಡೆ, ಗೋರಿ ಎಲ್ಲವನ್ನೂ ಕಲ್ಲಿನಲ್ಲೇ ಕಟ್ಟಿದರು. ಬಯಲುಸೀಮೆಯಲ್ಲಿ ಮರ, ಮಣ್ಣಿನಲ್ಲಿ ಕಟ್ಟಿದ್ದೆಲ್ಲ ನೇಗಿಲಿಗೆ ಸಿಕ್ಕಿ ಅಳಿಸಿಹೋಯಿತು, ಇಲ್ಲಿ ಮಾತ್ರ ಉಳಿಯಿತು.

ಗ್ರಾನೈಟ್ ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಮಳೆಯೋ, ಪ್ರಿನ್ಸ್‌ಟೌನ್ ಎಂಬ ಊರಿನಲ್ಲಿ ವರ್ಷಕ್ಕೆ ಸುಮಾರು 2000 ಮಿ.ಮೀ. ನೀರು ನಿಂತಲ್ಲಿ ಸತ್ತ ಹುಲ್ಲು, ಪಾಚಿ ಪೂರ್ತಿ ಕೊಳೆಯದೆ ಕಪ್ಪು ಹೆಂಟೆಯಾಗಿ ಪದರ ಪದರವಾಗಿ ಬೆಳೆಯುತ್ತದೆ. ಅದೇ ಪೀಟ್. ಒಣಗಿಸಿದರೆ ಉರುವಲು. ಪುರಾತತ್ವದವರಿಗೆ ಮಾತ್ರ ಅದು ರಿಜಿಸ್ಟರ್ ಪುಸ್ತಕ. ಪ್ರತಿ ಪದರದಲ್ಲಿ ಆಯಾ ಕಾಲದ ಹೂವಿನ ಪರಾಗ ಸಿಕ್ಕಿಬಿದ್ದಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ ಯಾವ ಕಾಲದಲ್ಲಿ ಎಷ್ಟು ಓಕ್ ಮರ ಇತ್ತು, ಯಾವಾಗ ಹುಲ್ಲು ಹೆಚ್ಚಾಯಿತು, ಯಾವಾಗ ಧಾನ್ಯ ಬಂತು ಎಂದು ಹೇಳಬಹುದು. ಹೀಗೆ ಎಣಿಸಿದ್ದರಿಂದಲೇ ಒಂದು ದೊಡ್ಡ ಸಂಗತಿ ತಿಳಿದಿದೆ. ಇಂದು ಬೋಳಾಗಿ ಕಾಣುವ ಈ ಬಯಲಿನ ಬಹುಪಾಲು ಒಂದು ಕಾಲಕ್ಕೆ ಕಾಡಾಗಿತ್ತು. ಬೇಟೆಗಾರರು ಸುಟ್ಟರು, ರೈತರು ಕಡಿದರು, ದನ ಕುರಿ ಮೇಯ್ದವು, ಮಳೆ ಹೆಚ್ಚಾಯಿತು, ಮೂರ್ ಆಯಿತು. ಪ್ರವಾಸಿಗಳು ‘ಮನುಷ್ಯ ಮುಟ್ಟದ ಪ್ರಕೃತಿ’ ಎಂದು ಫೋಟೋ ತೆಗೆಯುವ ಜಾಗ ವಾಸ್ತವದಲ್ಲಿ ಮನುಷ್ಯನ ಕೈಯಿಂದಲೇ ಆದದ್ದು.

ಈಗ ಗೋಡೆಗಳ ವಿಷಯಕ್ಕೆ ಬರುತ್ತೇನೆ. ನನಗೆ ಇಡೀ ಡಾರ್ಟ್‌ಮೂರಿನಲ್ಲಿ ಅತ್ಯಂತ ಆಶ್ಚರ್ಯ ಹುಟ್ಟಿಸಿದ್ದು ಇದೇ.

ಬಯಲಿನ ತುಂಬ ಹುಲ್ಲು ಮುಚ್ಚಿದ ಸಣ್ಣ ಕಲ್ಲಿನ ದಿಣ್ಣೆಗಳು ಉದ್ದಕ್ಕೆ ಓಡುತ್ತವೆ. ಸ್ಥಳೀಯರು ‘ರೀವ್’ ಎನ್ನುತ್ತಾರೆ. ಎತ್ತರ ಮೊಣಕಾಲಿನಷ್ಟು, ಹಲವೆಡೆ ಅಷ್ಟೂ ಇಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ, ಇಲ್ಲವೇ ವಿಮಾನದಿಂದ ತೆಗೆದ ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ. 19ನೇ ಶತಮಾನದ ವಿದ್ವಾಂಸರು ಇವನ್ನು ಪ್ರಾಚೀನ ರಸ್ತೆಗಳು ಎಂದುಕೊಂಡಿದ್ದರು. 1970ರ ದಶಕದಲ್ಲಿ ಆಂಡ್ರ್ಯೂ ಫ್ಲೆಮಿಂಗ್ ಎಂಬ ಪುರಾತತ್ವಜ್ಞರು ಒಂದೊಂದನ್ನೇ ಹಿಡಿದು ನಡೆದು, ನಕಾಶೆಗೆ ಇಳಿಸಿದರು. ಆಗ ಗೊತ್ತಾಯಿತು, ಇವು ರಸ್ತೆಗಳಲ್ಲ, ಹೊಲದ ಬದುಗಳು. ಕ್ರಿ.ಪೂ. 1500ರ ಆಸುಪಾಸಿನ ಕಂಚಿನ ಯುಗದವು. ಒಂದು ಮುಖ್ಯ ಗಡಿ ಗೋಡೆ, ಅದಕ್ಕೆ ಸೇರಿದಂತೆ ಸಮಾನಾಂತರವಾಗಿ ಹತ್ತಾರು ಗೋಡೆಗಳು, ನಡುವೆ ಉದ್ದುದ್ದ ಪಟ್ಟಿಗಳಾಗಿ ಹೊಲ, ಹೊಲಗಳ ನಡುವೆ ಮನೆ. ಡಾರ್ಟ್ ನದಿಯ ಎರಡು ಕವಲು ಕೂಡುವ ಡಾರ್ಟ್‌ಮೀಟ್ ಬಳಿ ಇಂಥ ಒಂದೇ ವ್ಯವಸ್ಥೆ ಸಾವಿರಾರು ಎಕರೆಗೆ ಹರಡಿದೆ. ಗೋಡೆಗಳು ನದಿಯ ಕೊರಕಲಿಗೂ ಹೆದರಿಲ್ಲ. ಒಂದು ದಡದಲ್ಲಿ ನಿಂತಿದ್ದು ಇನ್ನೊಂದು ದಡದಲ್ಲಿ ಅದೇ ದಿಕ್ಕಿನಲ್ಲಿ ಮುಂದುವರಿಯುತ್ತದೆ.

ಇದರ ಅರ್ಥವೇನು ನೋಡಿ. ಒಂದೊಂದು ಕುಟುಂಬ ತನಗೆ ತೋಚಿದಂತೆ ಬೇಲಿ ಹಾಕಿಕೊಂಡಿದ್ದರೆ ಗೋಡೆಗಳು ಅಂಕುಡೊಂಕಾಗಿ, ಗುಡ್ಡದ ಇಳಿಜಾರಿಗೆ ತಕ್ಕಂತೆ ಇರಬೇಕಿತ್ತು. ಇವು ಹಾಗಿಲ್ಲ. ಯಾರೋ ಮೊದಲು ಇಡೀ ನೆಲವನ್ನು ನೋಡಿ, ದಿಕ್ಕು ನಿಗದಿ ಮಾಡಿ, ಆಮೇಲೆ ಕಟ್ಟಿಸಿದ್ದಾರೆ. ಮೂರೂವರೆ ಸಾವಿರ ವರ್ಷದ ಹಿಂದೆ ಅಕ್ಷರವಿಲ್ಲ, ಕಾಗದವಿಲ್ಲ, ಸರ್ವೆ ಇಲಾಖೆಯಿಲ್ಲ. ಆದರೂ ಸರ್ವೆ ಆಗಿದೆ. ಮಾಡಿಸಿದ್ದು ಒಬ್ಬ ನಾಯಕನೋ, ಊರವರೆಲ್ಲ ಸೇರಿಯೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನನಗಂತೂ ಎರಡನೆಯದೇ ಹೆಚ್ಚು ಸರಿ ಎನಿಸುತ್ತದೆ. ಏಕೆಂದರೆ ಪಟ್ಟಿಗಳು ಮುಗಿದ ಮೇಲೆ, ಗಡಿ ಗೋಡೆಯ ಆಚೆ ಎತ್ತರದ ಬಯಲನ್ನು ಹಾಗೇ ತೆರೆದು ಬಿಟ್ಟಿದ್ದಾರೆ. ಅಲ್ಲಿ ಗೋಡೆಯಿಲ್ಲ. ಫ್ಲೆಮಿಂಗ್ ಅವರ ವಿವರಣೆಯಂತೆ ಅದು ಸುತ್ತಲಿನ ಕಣಿವೆಗಳ ಜನರೆಲ್ಲ ಸೇರಿ ದನ ಕುರಿ ಮೇಯಿಸುತ್ತಿದ್ದ ಜಾಗ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕೆಳಗೆ ಪಟ್ಟಾ ಜಮೀನು, ಮೇಲೆ ಗೋಮಾಳ. ಬಲಾಢ್ಯ ಒಬ್ಬನೇ ಇದ್ದಿದ್ದರೆ ಮೇಲಿನದನ್ನೂ ಬಿಡುತ್ತಿರಲಿಲ್ಲ ಎಂಬುದು ನನ್ನ ಲೆಕ್ಕಾಚಾರ, ಪುರಾವೆ ಅಲ್ಲ.

ಷಾ ಮೂರ್ ಎಂಬ ಕಡೆ ಅಗೆದಾಗ ಇನ್ನೊಂದು ಸಂಗತಿ ಸಿಕ್ಕಿತು. ಗೋಡೆಗೆ ಹೊಂದಿಕೊಂಡ ಒಂದು ಹಳೆಯ ಕಾಲುವೆಯ ತಳದ ಕೆಸರಿನಲ್ಲಿ ದನ, ಕುರಿ, ಕುದುರೆಗಳ ಗೊರಸಿನ ಗುರುತು ಹಾಗೇ ಉಳಿದಿದ್ದವು. ಡಾರ್ಟ್‌ಮೂರಿನ ಮಣ್ಣು ಹುಳಿ ಮಣ್ಣು, ಮೂಳೆಯನ್ನು ತಿಂದುಹಾಕುತ್ತದೆ. ಅದರಿಂದ ಅಲ್ಲಿ ಯಾವ ಪ್ರಾಣಿ ಸಾಕಿದ್ದರು ಎಂದು ಮೂಳೆ ನೋಡಿ ಹೇಳುವ ಹಾಗಿಲ್ಲ. ಮೂಳೆ ಹೋದರೂ ಹೆಜ್ಜೆ ಉಳಿಯಿತು.

ಆ ಕಾಲದ ಜನ ವಾಸವಿದ್ದದ್ದು ದುಂಡನೆಯ ಮನೆಗಳಲ್ಲಿ. ಕಲ್ಲಿನ ಕೆಳಗೋಡೆ, ಮೇಲೆ ಕಂಬ, ಶಂಕುವಿನಂಥ ಹುಲ್ಲಿನ ಮಾಡು. ಹುಲ್ಲು ಕಂಬ ಹೋಗಿ ಈಗ ಕಲ್ಲಿನ ಬಳೆ ಮಾತ್ರ ಉಳಿದಿದೆ. ನಾನು ಮೊದಲು ಹೇಳಿದ ಐದು ಸಾವಿರ ಗುಡಿಸಲು ಇವೇ. ಗ್ರಿಮ್ಸ್‌ಪೌಂಡ್ ಎಂಬಲ್ಲಿ ದಪ್ಪ ಗೋಡೆಯ ಆವರಣದೊಳಗೆ 24 ಮನೆಗಳ ಗುರುತಿದೆ. 1894ರಲ್ಲಿ ಒಂದು ಉತ್ಸಾಹಿ ಸಮಿತಿ ಇಲ್ಲಿ ಅಗೆಯಿತು. ಅಗೆದದ್ದು ಸರಿ, ಆದರೆ ಬಿದ್ದ ಗೋಡೆಯನ್ನು ತಮಗೆ ಸರಿ ಕಂಡಂತೆ ಎತ್ತಿಯೂ ನಿಲ್ಲಿಸಿದರು. ಈಗ ಅಲ್ಲಿ ಯಾವುದು ಹಳೆಯದು, ಯಾವುದು 1894ರದು ಎಂದು ಬಿಡಿಸುವುದೇ ಕೆಲಸವಾಗಿದೆ. ಹಳೆಯ ಲೆಡ್ಜರಿನಲ್ಲಿ ಇನ್ನೊಬ್ಬರು ಅದೇ ಇಂಕಿನಲ್ಲಿ ತಿದ್ದಿದಂತೆ.

ಕಲ್ಲುಗಳನ್ನು ಸಾಲಾಗಿ ನೆಟ್ಟಿರುವುದೂ ಇಲ್ಲಿಯ ವಿಶೇಷ. ಅಂಥ ಸಾಲುಗಳು ಎಪ್ಪತ್ತಕ್ಕೂ ಹೆಚ್ಚಿವೆ. ಏಕೆ ನೆಟ್ಟರು ಎಂಬುದಕ್ಕೆ ಒಪ್ಪುವಂಥ ಉತ್ತರ ಇನ್ನೂ ಇಲ್ಲ, ಆದ್ದರಿಂದ ಹೆಚ್ಚು ಬರೆಯುವುದಿಲ್ಲ. ಎರ್ಮ್ ನದಿಯ ಮೇಲ್ಭಾಗದಲ್ಲಿ ಸ್ಟಾಲ್ ಮೂರ್‌ನಿಂದ ಹೊರಡುವ ಸಾಲು ಮೂರು ಕಿಲೋಮೀಟರಿಗೂ ಉದ್ದವಿದೆ. ಸ್ಟಾಲ್ ಮೂರ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ. ಮೆರಿವೇಲ್ ಎಂಬಲ್ಲಿಯ ಜೋಡಿ ಸಾಲುಗಳ ಬಳಿ ಹಿಂದೆ ಪ್ಲೇಗ್ ಬಂದಾಗ ಹಳ್ಳಿಯವರು ಕಾಳುಕಡಿ ತಂದು ಇಟ್ಟು ಹೋಗುತ್ತಿದ್ದರು, ಪೇಟೆಯವರು ಆಮೇಲೆ ಬಂದು ಹಣ ಇಟ್ಟು ಒಯ್ಯುತ್ತಿದ್ದರು ಎಂಬ ಕಥೆ ಆ ಕಡೆ ಇದೆ. ಕೊರೊನಾ ಕಾಲದಲ್ಲಿ ಗೇಟಿನ ಮೇಲೆ ಹಾಲಿನ ಪ್ಯಾಕೆಟ್ ಇಟ್ಟು ಹೋದದ್ದು ನಮಗೆಲ್ಲ ನೆನಪಿದೆ.

ಗೋರಿಗಳ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಲಿನ ಪೆಟ್ಟಿಗೆ ಇವು. ಡಾರ್ಟ್‌ಮೂರಿನವರು ‘ಕಿಸ್ಟ್‌ವೇನ್’ ಎನ್ನುತ್ತಾರೆ. ಬಹುತೇಕ ಎಲ್ಲವನ್ನೂ ನಿಧಿಯ ಆಸೆಗೆ ಯಾರೋ ಹಿಂದೆಯೇ ಒಡೆದಿದ್ದಾರೆ. ವೈಟ್‌ಹಾರ್ಸ್ ಹಿಲ್ ಎಂಬ ಗುಡ್ಡದ ಮೇಲೆ, ಸುಮಾರು 600 ಮೀಟರ್ ಎತ್ತರದಲ್ಲಿ, ಒಂದು ಮಾತ್ರ ಪೀಟ್ ದಿಬ್ಬದೊಳಗೆ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ದಿಬ್ಬ ಸವೆದು ಪಕ್ಕದ ಕಲ್ಲು ಜಾರಿದಾಗ ಗೊತ್ತಾಯಿತು. 2011ರಲ್ಲಿ ಅದನ್ನು ಅಗೆದರು.

ಒಳಗೆ ಇದ್ದದ್ದು 15ರಿಂದ 25 ವರ್ಷದೊಳಗಿನ ಒಬ್ಬರ ಸುಟ್ಟ ಮೂಳೆ. ಹುಡುಗನೋ ಹುಡುಗಿಯೋ ಮೂಳೆಯಿಂದ ತಿಳಿಯುವಂತಿಲ್ಲ. ಮೂಳೆಯನ್ನು ಕರಡಿಯ ಚರ್ಮದಲ್ಲಿ ಸುತ್ತಿದ್ದರು. ಪಕ್ಕದಲ್ಲಿ ಮರದ ನಾರಿನಿಂದ ಹೆಣೆದ ಪುಟ್ಟ ಬುಟ್ಟಿ. ಬುಟ್ಟಿಯೊಳಗೆ ಇನ್ನೂರಕ್ಕೂ ಹೆಚ್ಚು ಮಣಿಗಳ ಸರ ಮತ್ತು ಕಿವಿಗೆ ಹಾಕುವಂಥ, ಮರದಲ್ಲಿ ಕಡೆದ ಓಲೆಗಳು. ಜೊತೆಗೆ ತುರಚಿ ಗಿಡದ ನಾರಿನಿಂದ ನೇಯ್ದು ಕರುವಿನ ಚರ್ಮದ ಅಂಚು ಹೊಲಿದ ಪಟ್ಟಿ, ಹಸುವಿನ ಕೂದಲನ್ನು ಜಡೆಯಂತೆ ಹೆಣೆದು ತವರದ ಗುಬಟುಗಳನ್ನು ಕೂರಿಸಿದ ಕೈಪಟ್ಟಿ. ಕಾಲ ಕ್ರಿ.ಪೂ. 1730 ಮತ್ತು 1600ರ ನಡುವೆ. ಚರ್ಮ, ನಾರು, ಕೂದಲು ಬೇರೆ ಯಾವ ಮಣ್ಣಿನಲ್ಲಿದ್ದರೂ ಎಂದೋ ಹೋಗುತ್ತಿದ್ದವು. ಗಾಳಿ ಸೋಕದ ಪೀಟ್ ಅವನ್ನು ಕಾಪಾಡಿತು.

ವಾಣಿಜ್ಯ ವಿಭಾಗದವಳಾಗಿ ನಾನು ಆ ಮಣಿಗಳನ್ನು ಸ್ಟಾಕ್ ಪಟ್ಟಿಯಂತೆ ಓದಿದೆ. ಕೆಲವು ಆಂಬರ್ ಮಣಿಗಳು, ಅಂದರೆ ಬಾಲ್ಟಿಕ್ ಸಮುದ್ರದ ಕಡೆಯ ಮಾಲು. ಕೆಲವು ಕಪ್ಪು ಶೇಲ್ ಕಲ್ಲಿನವು, ಪಕ್ಕದ ಡಾರ್ಸೆಟ್ ಕರಾವಳಿಯವು. ತವರ ಮಾತ್ರ ಸ್ಥಳೀಯ. ಲೋಕದ ತುದಿ ಎಂಬಂತಿರುವ ಒಂದು ಗುಡ್ಡದ ಮೇಲೆ, ನಮ್ಮದೇ ವಯಸ್ಸಿನ ಒಬ್ಬರ ಕತ್ತಿನಲ್ಲಿ ಸಾವಿರ ಮೈಲಿಯ ವ್ಯಾಪಾರ ಇತ್ತು. ಈ ವಸ್ತುಗಳು ಈಗ ಪ್ಲಿಮತ್ ನಗರದ ಮ್ಯೂಸಿಯಂನಲ್ಲಿವೆ.

ಕಿಸ್ಟ್‌ವೇನ್ ಎಂಬ ಪದಕ್ಕೆ ನಮ್ಮ ರಾಜ್ಯದೊಂದಿಗೂ ಒಂದು ನಂಟಿದೆ. ಸುರಪುರದಲ್ಲಿ 1841ರಿಂದ 1853ರವರೆಗೆ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅಲ್ಲಿಯ ಸುತ್ತಮುತ್ತ ಕಲ್ಲಿನ ಪೆಟ್ಟಿಗೆ ಗೋರಿಗಳನ್ನು ಕಂಡು ಅಗೆಸಿದರು, ಅಳತೆ ತೆಗೆದು ವರದಿ ಬರೆದರು. ಆ ವರದಿಯಲ್ಲಿ ಅವರು ಬಳಸಿದ್ದು ತಮ್ಮ ದೇಶದ ಇದೇ ಪದ, ಕಿಸ್ಟ್‌ವೇನ್. ನೋಟದಲ್ಲಿ ಎರಡೂ ಅಷ್ಟು ಒಂದೇ ಥರ ಇದ್ದುದರಿಂದ ಎರಡನ್ನೂ ಕಟ್ಟಿದ್ದು ಒಂದೇ ಜನಾಂಗ ಇರಬೇಕೆಂಬ ಊಹೆ ಆ ಕಾಲದಲ್ಲಿ ಬಲವಾಗಿತ್ತು. ಅದು ನಿಲ್ಲಲಿಲ್ಲ. ನಮ್ಮವು ಬಹುತೇಕ ಕಬ್ಬಿಣ ಯುಗದವು, ಡಾರ್ಟ್‌ಮೂರಿನವುಗಳಿಗಿಂತ ಎಷ್ಟೋ ಶತಮಾನ ಈಚಿನವು. ಗ್ರಾನೈಟ್ ಚಪ್ಪಡಿ ಕೈಗೆ ಸಿಕ್ಕರೆ ಮನುಷ್ಯ ಎಲ್ಲಿದ್ದರೂ ಹೀಗೆಯೇ ಪೆಟ್ಟಿಗೆ ಕಟ್ಟುತ್ತಾನೆ ಎಂದಷ್ಟೇ ಹೇಳಬಹುದು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಮೇಲೆ ಇಂಥವು ನೂರಾರು ಇವೆ. ಜನ ಅವನ್ನು ಮೋರೇರ ಮನೆ ಎನ್ನುತ್ತಾರೆ. ಡಾರ್ಟ್‌ಮೂರಿನಲ್ಲಿ ಭೂತಗಳ, ಯಕ್ಷಿಣಿಯರ ಕೆಲಸ ಎನ್ನುತ್ತಿದ್ದರು. ಯಾರು ಕಟ್ಟಿದರೆಂದು ಮರೆತಾಗ ಎರಡೂ ದೇಶದವರು ಕಥೆ ಕಟ್ಟಿದ್ದಾರೆ.

ಈಗ ತವರ. ಮದುವೆ ಮನೆಯಲ್ಲಿ ಬಿರಿಯಾನಿಯ ತಾಮ್ರದ ದೇಗಿನ ಒಳಗೆ ಬೆಳ್ಳಗೆ ಹೊಳೆಯುವ ಲೇಪವನ್ನು ಎಲ್ಲರೂ ನೋಡಿರುತ್ತೀರಿ. ಕನ್ನಡದಲ್ಲಿ ಕಲಾಯಿ, ನಮ್ಮ ಮನೆಯಲ್ಲಿ ಖಲಯಿ. ಪಾತ್ರೆಯನ್ನು ಕಾಯಿಸಿ, ನವಸಾಗರ ಉದುರಿಸಿ, ತವರದ ಕಡ್ಡಿ ಸವರಿ, ಹತ್ತಿಯಿಂದ ಒರೆಸುವ ಕೆಲಸ ಅದು. ಖಲಯಿ ಎಂದರೆ ಮೂಲದಲ್ಲಿ ತವರ ಎಂದೇ ಅರ್ಥ. ಪ್ರಾಚೀನ ಲೋಕಕ್ಕೆ ಈ ಲೋಹ ಏಕೆ ಬೇಕಿತ್ತೆಂದರೆ, ಸುಮಾರು ಒಂಬತ್ತು ಪಾಲು ತಾಮ್ರಕ್ಕೆ ಒಂದು ಪಾಲು ತವರ ಬೆರೆಸಿದರೆ ಕಂಚು. ತಾಮ್ರ ಹಲವು ಕಡೆ ಸಿಗುತ್ತದೆ, ತವರ ಅಪರೂಪ. ಇಸ್ರೇಲ್ ಕರಾವಳಿಯ ಸಮುದ್ರದಡಿ ಸಿಕ್ಕ, ಕ್ರಿ.ಪೂ. 1300ರ ಆಸುಪಾಸಿನ ತವರದ ಗಟ್ಟಿಗಳನ್ನು ಪರೀಕ್ಷಿಸಿದ ಸಂಶೋಧಕರು ಅವು ಈ ನೈಋತ್ಯ ಬ್ರಿಟನ್ನಿನ ತವರಕ್ಕೆ ಹೊಂದುತ್ತವೆ ಎಂದಿದ್ದಾರೆ.

ಡಾರ್ಟ್‌ಮೂರಿನ ತವರದ ಲಿಖಿತ ಲೆಕ್ಕ ಸಿಗುವುದು 12ನೇ ಶತಮಾನದಿಂದ. ಆಗ ಗಣಿ ತೋಡುತ್ತಿರಲಿಲ್ಲ. ಅದಿರು ಹೊಳೆಯ ಮರಳಿನಲ್ಲಿ ಬೆರೆತಿತ್ತು. ಅದು ನೀರಿಗಿಂತ ಸುಮಾರು ಏಳು ಪಟ್ಟು ತೂಕ, ಸಾಮಾನ್ಯ ಮರಳು ಎರಡೂವರೆ ಪಟ್ಟು. ನೀರು ಹರಿಸಿದರೆ ಹಗುರವಾದದ್ದು ಕೊಚ್ಚಿಹೋಗುತ್ತದೆ, ಅದಿರು ತಳದಲ್ಲಿ ನಿಲ್ಲುತ್ತದೆ. ಕಣಿವೆಗಳಲ್ಲಿ ಸಾಲು ಸಾಲಾಗಿ ಬಿದ್ದಿರುವ ಕಲ್ಲಿನ ಗುಪ್ಪೆಗಳು ಆ ಕೆಲಸದ ಕಸ. ನೀರಿನ ಚಕ್ರದಿಂದ ತಿದಿ ಊದುತ್ತಿದ್ದ ಕುಲುಮೆ ಮನೆಗಳೂ, ಕರಗಿದ ತವರ ಸುರಿಯುತ್ತಿದ್ದ ಗ್ರಾನೈಟ್ ಅಚ್ಚುಗಳೂ ಇನ್ನೂ ಹಳ್ಳದ ದಡದಲ್ಲಿ ಬಿದ್ದಿವೆ.

ಗಟ್ಟಿಯಾದ ತವರವನ್ನು ಎಲ್ಲೆಂದರಲ್ಲಿ ಮಾರುವಂತಿರಲಿಲ್ಲ. 1305ರ ರಾಜಾಜ್ಞೆಯಂತೆ ಆಶ್‌ಬರ್ಟನ್, ಚಾಗ್‌ಫರ್ಡ್, ಟಾವಿಸ್ಟಾಕ್ ಎಂಬ ಮೂರು ಪೇಟೆಗಳಿಗೆ ತರಬೇಕು. 1328ರಲ್ಲಿ ಪ್ಲಿಂಪ್ಟನ್ ಸೇರಿತು. ಅಲ್ಲಿ ಅಧಿಕಾರಿ ಗಟ್ಟಿಯ ಒಂದು ಮೂಲೆ ಕತ್ತರಿಸಿ ಶುದ್ಧತೆ ನೋಡಿ, ತೆರಿಗೆ ವಸೂಲು ಮಾಡಿ, ಮುದ್ರೆ ಒತ್ತಿದ ಮೇಲೆಯೇ ಮಾರಾಟ. ಮೂಲೆಗೆ ಫ್ರೆಂಚಿನಲ್ಲಿ ‘ಕ್ವಾನ್’, ಅದರಿಂದ ಈ ತೆರಿಗೆಗೆ ‘ಕಾಯಿನೇಜ್’ ಎಂಬ ಹೆಸರು. ನಾಣ್ಯವನ್ನು ಮುದ್ರಿಸುವುದಕ್ಕೂ ಇದಕ್ಕೂ ಹೆಸರು ಒಂದೇ. ಇಂದಿನ ಹಾಲ್‌ಮಾರ್ಕ್ ಮತ್ತು ಜಿಎಸ್‌ಟಿ ಎರಡನ್ನೂ ಒಂದೇ ಕಟ್ಟೆಯಲ್ಲಿ ಮುಗಿಸಿದಂತೆ. ಈ ತೆರಿಗೆ ರದ್ದಾದದ್ದು 1838ರಲ್ಲಿ.

ತೆರಿಗೆ ಕೊಡುತ್ತಾರೆಂಬ ಕಾರಣಕ್ಕೆ ತವರದವರಿಗೆ ರಾಜರು ವಿಪರೀತ ಹಕ್ಕು ಕೊಟ್ಟಿದ್ದರು. ಡೆವನ್‌ನಲ್ಲಿ ಅವರು ಇನ್ನೊಬ್ಬರ ಜಮೀನಿನಲ್ಲೂ ಅಗೆಯಬಹುದಿತ್ತು. ಅವರಿಗೆ ಅವರದೇ ನ್ಯಾಯಾಲಯ, ಕ್ರೋಕರ್ನ್ ಟಾರ್ ಎಂಬ ಬಂಡೆಯ ಮೇಲೆ ಬಯಲಲ್ಲೇ ಕೂಡುವ ಅವರದೇ ಮಹಾಸಭೆ, ಲಿಡ್‌ಫರ್ಡ್ ಎಂಬಲ್ಲಿ ಅವರದೇ ಸೆರೆಮನೆ. ಆ ಸೆರೆಮನೆಯ ಖ್ಯಾತಿ ಎಂಥದ್ದೆಂದರೆ ‘ಲಿಡ್‌ಫರ್ಡ್ ನ್ಯಾಯ’ ಎಂದರೆ ಬೆಳಿಗ್ಗೆ ನೇಣು, ಮಧ್ಯಾಹ್ನ ವಿಚಾರಣೆ ಎಂಬ ಗಾದೆಯೇ ಹುಟ್ಟಿತು. 16ನೇ ಶತಮಾನದ ಆರಂಭದಲ್ಲಿ ಉತ್ಪಾದನೆ ಉತ್ತುಂಗಕ್ಕೇರಿದಾಗ ಹೊಳೆಯಲ್ಲಿ ತೇಲಿಬಂದ ಮರಳು ಕೆಳಗಿನ ಬಂದರುಗಳನ್ನು ಹೂಳು ತುಂಬಿಸತೊಡಗಿತು. ಲಾಭ ಮೇಲಿನವರಿಗೆ, ಖರ್ಚು ಕೆಳಗಿನವರಿಗೆ. ಪ್ಲಿಂಪ್ಟನ್ನಿನ ಸಂಸತ್ ಸದಸ್ಯ ರಿಚರ್ಡ್ ಸ್ಟ್ರೋಡ್ ಇದನ್ನು ತಡೆಯುವ ಮಸೂದೆಗೆ ಕೈಹಾಕಿದರು. ತವರದವರ ನ್ಯಾಯಾಲಯ ಅವರಿಗೆ ದಂಡ ಹಾಕಿ, 1512ರಲ್ಲಿ ಲಿಡ್‌ಫರ್ಡಿನ ಕತ್ತಲೆ ಕೋಣೆಗೆ ತಳ್ಳಿತು. ಸುಮಾರು ಮೂರು ವಾರ ಅಲ್ಲಿದ್ದರು. ಸಂಸತ್ತು ಸಿಟ್ಟಾಗಿ, ಸದನದಲ್ಲಿ ಆಡಿದ ಮಾತಿಗೆ, ತಂದ ಮಸೂದೆಗೆ ಹೊರಗಿನ ಯಾವ ನ್ಯಾಯಾಲಯವೂ ಶಿಕ್ಷೆ ಕೊಡಕೂಡದೆಂದು ಕಾನೂನು ಮಾಡಿತು. ಶಾಸಕರ ವಾಕ್ ಸ್ವಾತಂತ್ರ್ಯದ ಹಕ್ಕಿನ ಇತಿಹಾಸ ಬರೆಯುವವರು ಈ ಪ್ರಕರಣವನ್ನು ಬಿಡುವುದಿಲ್ಲ. ನಮ್ಮ ಸಂವಿಧಾನದ 105 ಮತ್ತು 194ನೇ ವಿಧಿಗಳಲ್ಲಿ ಸಂಸದರಿಗೂ ಶಾಸಕರಿಗೂ ಇರುವ ಹಕ್ಕು ಬಂದಿರುವುದು ಅದೇ ಪರಂಪರೆಯಿಂದ. ರಾಜ್ಯಶಾಸ್ತ್ರದ ಪಾಠದಲ್ಲಿ ಅದು ಬಂದಾಗ ಹೊಳೆಯ ಹೂಳನ್ನೂ ನೆನೆಯಬಹುದು.

ಕಂಚಿನ ಯುಗದ ಹೊಲಗಳು ಕ್ರಿ.ಪೂ. 1000ದ ಹೊತ್ತಿಗೆ ಬಹುಮಟ್ಟಿಗೆ ಪಾಳುಬಿದ್ದಿದ್ದವು. ಎರಡು ಸಾವಿರ ವರ್ಷದ ಮೇಲೆ ರೈತರು ಮತ್ತೆ ಮೇಲೆ ಹತ್ತಿದರು. ಹೌಂಡ್ ಟಾರ್ ಎಂಬ ಬಂಡೆಯ ಕೆಳಗೆ ಅವರ ಹಳ್ಳಿಯ ಪಾಳು ಗೋಡೆಗಳಿವೆ, 1960ರ ದಶಕದಲ್ಲಿ ಅಗೆದು ತೆರೆದರು. ಉದ್ದನೆಯ ಮನೆಗಳು. ಮೇಲ್ಗಡೆಯ ಅರ್ಧದಲ್ಲಿ ಜನ, ಇಳಿಜಾರಿನ ಅರ್ಧದಲ್ಲಿ ದನ, ನಡುವೆ ಓಡಾಡುವ ದಾರಿ, ಗಂಜಲ ಹರಿದುಹೋಗಲು ಮೋರಿ. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನ, ಎತ್ತರದ ಪಡಸಾಲೆಯಲ್ಲಿ ಜನ ಇರುವುದನ್ನು ಕಂಡವರಿಗೆ ಇದು ವಿಚಿತ್ರವೆನಿಸದು. ತೆನೆ ಒಣಗಿಸಲು ಒಲೆ ಇದ್ದ ಕೊಟ್ಟಿಗೆಗಳೂ ಅಲ್ಲಿವೆ, ಅಂದರೆ ಬಿಸಿಲಿಗೆ ತೆನೆ ಒಣಗುವ ನಂಬಿಕೆ ಅವರಿಗಿರಲಿಲ್ಲ. 1348ರ ಮಹಾಮಾರಿಯಿಂದ ಊರು ಖಾಲಿಯಾಯಿತೆಂದು ಮೊದಲು ಹೇಳುತ್ತಿದ್ದರು. ಒಂದೇ ದಿನ ಖಾಲಿಯಾಗಲಿಲ್ಲ, ಮಳೆ, ರೋಗ, ಕೆಳಗೆ ಒಳ್ಳೆಯ ಜಮೀನು ಅಗ್ಗವಾದದ್ದು ಎಲ್ಲ ಸೇರಿ ಒಬ್ಬೊಬ್ಬರಾಗಿ ಬಿಟ್ಟುಹೋದರು ಎಂಬುದು ಈಗಿನ ಅಭಿಪ್ರಾಯ.

1239ರಲ್ಲಿ ರಾಜ ಮೂರನೇ ಹೆನ್ರಿ ಬಯಲಿನ ನಡುಭಾಗವನ್ನು ತನ್ನ ತಮ್ಮನಿಗೆ ಕೊಟ್ಟ. 1337ರಿಂದ ಅದು ಡಚಿ ಆಫ್ ಕಾರ್ನ್‌ವಾಲ್, ಅಂದರೆ ರಾಜನ ಹಿರಿಯ ಮಗನ ಆಸ್ತಿ. ಈಗಲೂ ಹಾಗೆಯೇ. ಒಡೆತನ ಒಬ್ಬರದು, ಮೇಯಿಸುವ ಹಕ್ಕು ಸುತ್ತಲಿನ ರೈತರದು. ಈ ಹಕ್ಕು ನೂರಾರು ವರ್ಷ ಜೊತೆಯಾಗಿ ನಡೆದುಬಂದಿದೆ. ಉದ್ಯಾನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೆಲ ಇಂದಿಗೂ ಇಂಥ ಮೇಯಿಸುವ ಹಕ್ಕಿನ ನೆಲವೇ.

ಇದನ್ನು ಕಂಡು ‘ವ್ಯರ್ಥವಾಗಿ ಬಿದ್ದಿದೆ’ ಎಂದು ಸಂಕಟಪಟ್ಟವರೂ ಇದ್ದರು. 1785ರಲ್ಲಿ ಥಾಮಸ್ ಟಿರ್‌ವಿಟ್ ಎಂಬ ಪ್ರಭಾವಿ ಬಯಲಿನ ನಡುವೆ ಬೇಲಿ ಹಾಕಿ ಬೇಸಾಯಕ್ಕಿಳಿದರು. ಅಗಸೆ ಬೆಳೆಯುವ ಕನಸಿತ್ತು. ಹುಳಿ ಮಣ್ಣು, ಸುರಿಯುವ ಮಳೆ ಒಪ್ಪಲಿಲ್ಲ. ಬೆಳೆ ಬರದಿದ್ದರೆ ಏನು, ಕೈದಿಗಳು ಬರಬಹುದಲ್ಲ ಎಂದು ಅವರ ಒತ್ತಾಸೆಯಿಂದ 1806ರಿಂದ 1809ರವರೆಗೆ ಫ್ರೆಂಚ್ ಯುದ್ಧ ಕೈದಿಗಳಿಗಾಗಿ ದೊಡ್ಡ ಸೆರೆಮನೆ ಕಟ್ಟಿದರು. ಪ್ರಿನ್ಸ್‌ಟೌನ್ ಊರು ಹುಟ್ಟಿದ್ದು ಅದರ ಸುತ್ತ. 2024ರಲ್ಲಿ ಆ ಸೆರೆಮನೆಯಿಂದ ಕೈದಿಗಳನ್ನೆಲ್ಲ ಬೇರೆಡೆಗೆ ಸಾಗಿಸಬೇಕಾಯಿತು. ಕಾರಣ, ನೆಲದ ಗ್ರಾನೈಟಿನಿಂದ ಹೊರಬರುವ ರೇಡಾನ್ ಎಂಬ ವಿಕಿರಣ ಅನಿಲ.

ಕಲ್ಲನ್ನೇ ಮಾರಿದವರೂ ಇದ್ದರು. ಜಾರ್ಜ್ ಟೆಂಪ್ಲರ್ 1820ರಲ್ಲಿ ಹೇಟಾರ್ ಗಣಿಯಿಂದ ಕೆಳಗಿನ ಕಾಲುವೆಯವರೆಗೆ ಹಳಿ ಹಾಕಿಸಿದರು. ಕಬ್ಬಿಣ ದುಬಾರಿ, ಗ್ರಾನೈಟ್ ಪುಕ್ಕಟೆ, ಆದ್ದರಿಂದ ಹಳಿಯನ್ನೂ ಗ್ರಾನೈಟಿನಲ್ಲೇ ಕಡೆದರು. ತುಂಬಿದ ಬಂಡಿ ಇಳಿಜಾರಿನಲ್ಲಿ ತಾನೇ ಇಳಿಯುವುದು, ಖಾಲಿ ಬಂಡಿಯನ್ನು ಕುದುರೆ ಎಳೆದು ತರುವುದು. 1831ರಲ್ಲಿ ಉದ್ಘಾಟನೆಯಾದ ಲಂಡನ್ ಸೇತುವೆಗೆ ಈ ಕಲ್ಲು ಹೋಯಿತು. ಆದರೆ ಸಮುದ್ರದ ಅಂಚಿನಲ್ಲೇ ಗಣಿಯಿದ್ದ ಕಾರ್ನ್‌ವಾಲ್‌ನವರ ಸಾಗಣೆ ವೆಚ್ಚ ಕಡಿಮೆ, ಪೈಪೋಟಿ ಕೊಡಲಾಗದೆ ಹೇಟಾರ್ ಸೊರಗಿತು. ಆ ಸೇತುವೆಯನ್ನು 1968ರಲ್ಲಿ ಲಂಡನ್ನಿನವರು 24 ಲಕ್ಷ 60 ಸಾವಿರ ಡಾಲರಿಗೆ ರಾಬರ್ಟ್ ಮೆಕಲಾಕ್ ಎಂಬ ಅಮೆರಿಕದ ಉದ್ಯಮಿಗೆ ಮಾರಿದರು. ಹೊರಗಿನ ಕಲ್ಲುಗಳಿಗೆ ನಂಬರ್ ಬರೆದು ಹಡಗಿಗೇರಿಸಿ ಅರಿಜೋನಾದ ಮರುಭೂಮಿಯಲ್ಲಿ ಜೋಡಿಸಿದರು. ಖರಾಬು ನೆಲದ ಕಲ್ಲು ಈಗ ಅಲ್ಲಿ ಬಿಸಿಲು ಕಾಯುತ್ತಿದೆ. ಗ್ರಾನೈಟ್ ಹಳಿಗಳು ಮಾತ್ರ ಹೇಟಾರಿನ ಹುಲ್ಲಿನಲ್ಲಿ ಹಾಗೇ ಇವೆ, ಯಾರೂ ಕೊಳ್ಳಲಿಲ್ಲ.

ಇನ್ನು ಸ್ಟಾಲ್ ಮೂರ್. 1985ರ ಒಂದು ಕಾಯ್ದೆ ಡಾರ್ಟ್‌ಮೂರಿನ ಮೇಯಿಸುವ ನೆಲದಲ್ಲಿ ಯಾರು ಬೇಕಾದರೂ ನಡೆದು ಅಥವಾ ಕುದುರೆಯ ಮೇಲೆ ಬಂದು ‘ಬಯಲು ವಿಹಾರ’ ಮಾಡಬಹುದು ಎಂದಿತು. ರಾತ್ರಿ ಡೇರೆ ಹಾಕಿ ಮಲಗುವುದೂ ಅದರಲ್ಲಿ ಸೇರುತ್ತದೆಯೇ? ಸ್ಟಾಲ್ ಮೂರ್ ಸೇರಿದಂತೆ ಸುಮಾರು 4000 ಎಕರೆಯ ಒಡೆಯರಾದ ದಂಪತಿ ಸೇರುವುದಿಲ್ಲ ಎಂದು ದಾವೆ ಹೂಡಿದರು. 2023ರ ಜನವರಿಯಲ್ಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಸಾವಿರಾರು ಜನ ಬಯಲಿಗೆ ಬಂದು ಪ್ರತಿಭಟಿಸಿದರು. ಅದೇ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ತಿರುಗಿಸಿತು. 2025ರ ಮೇ 21ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು, ಡೇರೆ ಹಾಕಿ ರಾತ್ರಿ ಕಳೆಯುವುದೂ ಬಯಲು ವಿಹಾರವೇ. ಹಾಗಾಗಿ ಬೆನ್ನಿಗೆ ಚೀಲ ಹಾಕಿಕೊಂಡು ಬಂದ ಯಾರೇ ಆಗಲಿ, ಒಡೆಯರ ಅಪ್ಪಣೆ ಕೇಳದೆ, ಮೂರು ಕಿಲೋಮೀಟರಿಗೂ ಉದ್ದದ ಆ ಕಲ್ಲಿನ ಸಾಲಿನ ಬಳಿ ಇಂದು ರಾತ್ರಿ ಮಲಗಬಹುದು.